ತಿಥಿ ಮೀರಿದವಳು

ಥೆಸಲೊನೀಕಿಯ ಮೂರನೇ ಮಹಡಿಯಲ್ಲಿ
ಎವಾಂಥಿಯಾ ಅಜ್ಜಿಯ ಗುಳಿಗೆಗಳನ್ನು
ಡಬ್ಬಿಯ ಏಳು ಗೂಡುಗಳಿಗೆ ಹಂಚುತ್ತ ಕೂತಿದ್ದಾಳೆ ನಾಜಿಬ್ರೋಲಾ.
ಸೋಮವಾರಕ್ಕೆ ಬಿಳಿ, ಹಳದಿ, ಅರ್ಧ ಗುಲಾಬಿ.
ಮಂಗಳವಾರಕ್ಕೂ ಅಷ್ಟೇ.
ಈ ಮನೆಯಲ್ಲಿ ವಾರ ತಪ್ಪದಂತೆ ಕಾಯುವವಳು ಅವಳೇ.

ಅವಳ ಲೆಕ್ಕ ತಪ್ಪಿ ಆರು ವರ್ಷ ಎರಡು ತಿಂಗಳು.

ತೊಂಬತ್ತು ದಿನ ಎಂದಿತ್ತು ಠಸ್ಸೆ.
ತೊಂಬತ್ತೊಂದನೇ ದಿನ ಏನೂ ಆಗಲಿಲ್ಲ.
ಕಡಲು ಇದ್ದಲ್ಲೇ ಇತ್ತು, ಬ್ರೆಡ್ಡಿನವನು ನಮಸ್ಕಾರ ಅಂದ,
ಅಜ್ಜಿ ಹಾಸಿಗೆ ಒದ್ದೆ ಮಾಡಿಕೊಂಡು ಅತ್ತಳು.
ಹೆದರಿಕೆ ಬಂದದ್ದು ಆಮೇಲೆ, ಕಂತುಕಂತಾಗಿ:
ಚೌಕದಲ್ಲಿ ನೀಲಿ ಅಂಗಿ ಕಂಡರೆ ಚಪ್ಪಲಿ ಅಂಗಡಿಗೆ ನುಗ್ಗಿ
ತನ್ನದಲ್ಲದ ಅಳತೆ ಕೇಳುವುದು,
ಬಸ್ಸಿನ ಚೀಟಿ ಇಳಿದೊಡನೆ ಹರಿಯುವುದು,
ಹಲ್ಲುನೋವಿಗೆ ಲವಂಗ.
ಹೆಸರು ಕೇಳಿದರೆ ಮರಿಯಾ.
ಇಲ್ಲಿ ಕಸ ಗುಡಿಸುವವರೆಲ್ಲ ಮರಿಯಾ.

ನಮ್ಮ ಮಾತಿನಲ್ಲಿ ತಿಥಿಯಿಲ್ಲದೆ ಬಂದವನು ಅತಿಥಿ.
ಅಲ್ಲಿ ಹಾಗಲ್ಲ, ಬಾಗಿಲಲ್ಲೇ ತಿಥಿ ಒತ್ತಿ ಒಳಗೆ ಬಿಡುತ್ತಾರೆ.
ತಿಥಿ ಅಂದರೆ ನಮ್ಮಲ್ಲಿ ಇನ್ನೊಂದೂ ಇದೆ.
ಅದಕ್ಕೆ ಬರುತ್ತೇನೆ.

ರಜೆಯ ಗುರುವಾರ ವಕೀಲೆ ಸ್ತಮಾತಿಯಾಳ ಮುಂದೆ ಕೂತಳು.
ವಕೀಲೆ ಸಿಗರೇಟು ಹಚ್ಚಿದಳು.
ಹೋಗಬಹುದು, ಯಾರೂ ತಡೆಯುವುದಿಲ್ಲ.
ಗಾಜಿನ ಹಿಂದಿನವನು ಪುಟ ತಿರುವುತ್ತಾನೆ, ಎಣಿಸುತ್ತಾನೆ,
ದಂಡ ಬರೆಯುತ್ತಾನೆ,
ಆಮೇಲೆ ವರ್ಷಗಟ್ಟಲೆ ಈ ಕಡೆ ತಲೆ ಹಾಕುವಂತಿಲ್ಲ.
ಇರಬಹುದು, ಇನ್ನು ಹತ್ತು ತಿಂಗಳು, ಯಾರ ಕೈಗೂ ಸಿಗದೆ.
ಏಳು ತುಂಬಿದರೆ ಅರ್ಜಿ ಹಾಕೋಣ. ಸಿಕ್ಕೀತು ಅಂತ ಅಲ್ಲ. ಹಾಕೋಣ.
ಸಾಕ್ಷಿ ಬೇಕು ಆದರೆ:
ಒಂದೊಂದು ವರ್ಷವೂ ನೀನು ಇಲ್ಲಿದ್ದೆ ಅನ್ನುವುದಕ್ಕೆ
ಹೆಸರು, ತಾರೀಖು ಇರುವ ಕಾಗದ.
ಔಷಧಿಯದು, ಆಸ್ಪತ್ರೆಯದು, ಹೋಗಲಿ ಬಸ್ಸಿನದಾದರೂ.

ನಾಜಿಬ್ರೋಲಾ ನಕ್ಕುಬಿಟ್ಟಳು. ವಕೀಲೆಗೆ ಅರ್ಥವಾಗಲಿಲ್ಲ.
ಇಲ್ಲದ ಹಾಗೆ ಇರುವುದನ್ನೇ
ಆರು ವರ್ಷ ಬೆವರು ಸುರಿಸಿ ಕಲಿತವಳು
ಇದ್ದೆ ಎಂದು ಈಗ ಯಾವ ಬಾಯಲ್ಲಿ ಹೇಳಬೇಕು?

ಹುಡುಕಿದಳು, ಆದರೂ. ಕೋಟಿನ ಅಸ್ತರಿನಲ್ಲಿ
ಕುತಾಯಿಸಿಗೆ ಸಾಮಾನು ಒಯ್ಯುವ ವ್ಯಾನಿನವನ ಚೀಟಿಗಳು:
ಆಲಿವ್ ಎಣ್ಣೆ ಎರಡು ಡಬ್ಬ, ಮಗಳಿಗೆ ಬೂಟು,
ಅಮ್ಮನ ಮೊಣಕಾಲಿಗೆ ಪಟ್ಟಿ.
ತೂಕ ಇದೆ. ತಲುಪಬೇಕಾದವರ ಹೆಸರಿದೆ.
ಕಳಿಸಿದವಳದಿಲ್ಲ.

ಮಂಗಳವಾರ ರಾತ್ರಿ ಅಮ್ಮ ತೀರಿಕೊಂಡಳು, ಜೆಸ್ತಪೋನಿಯಲ್ಲಿ.
ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು.
ಯಾರೋ ಅದನ್ನು ಅಕ್ರೋಟದ ಮರಕ್ಕೆ ಒರಗಿಸಿ ಮರೆತಿದ್ದರು;
ಕಂಡದ್ದು ಬರೀ ಕಾಲುಗಳು.
ನಡುವೆ ತಾನು ಕಳಿಸಿದ ಬೂಟು, ಮಗಳ ಕಾಲಲ್ಲಿ,
ಆಗಲೇ ಬಿಗಿಯಾಗಿದೆ.
ಹೊರಟುಬಿಡಲೇ ಅನ್ನುವುದು ಗಂಟಲ ತನಕ ಬಂದು
ಕಾಲೇಜಿನ ಕಂತು ನೆನಪಾಗಿ
ಬಂದ ದಾರಿಯಲ್ಲೇ ಇಳಿದುಹೋಯಿತು.

ನಲವತ್ತನೇ ದಿನ ಗೋಧಿ ನೆನೆಸಿದಳು.
ಅವರಲ್ಲಿ ತಿಥಿಗೆ ಬೇಯಿಸಿದ ಗೋಧಿ, ಜೇನು, ಒಣದ್ರಾಕ್ಷಿ.
ಗ್ರೀಕರಲ್ಲೂ ಹೆಚ್ಚುಕಡಿಮೆ ಅದೇ.
ಬಟ್ಟಲು ಮುಂದಿಟ್ಟಾಗ ಎವಾಂಥಿಯಾ ಅಜ್ಜಿ
ಎಷ್ಟೋ ತಿಂಗಳ ಮೇಲೆ ನೆಟ್ಟಗೆ ನೋಡಿದಳು:
ಯಾರದಮ್ಮಾ ತಿಥಿ?
ನನ್ನಮ್ಮನದು.
ಹೆಸರು?
ಎಟೆರಿ.
ನಿನ್ನದು?
ತಡೆದು, ಹೇಳಿದಳು.

ನಾಳೆ ಪಾದ್ರಿ ಓದಲೆಂದು ಅಜ್ಜಿ ಪೆನ್ನು ಕೇಳಿ ಬರೆದಳು,
ಇರುವೆ ಸಾಲಿನಂಥ ಅಕ್ಷರ:
ಸತ್ತವರ ಕಡೆ ಎಟೆರಿ,
ಇರುವವರ ಕಡೆ ನಾಜಿಬ್ರೋಲಾ.
ಕಾಗದ ತಿರುಗಿಸಿದರೆ ಹಿಂದೆ ಔಷಧಿ ಅಂಗಡಿಯ ರಸೀದಿ,
ಮೊನ್ನೆಯ ತಾರೀಖು, ಸ್ಪಷ್ಟವಾಗಿ.

ಇದು ಪಾದ್ರಿಗೋ, ವಕೀಲೆಗೋ ತಿಳಿಯದೆ
ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಲ್ಲಿ ಸಿಕ್ಕಿಸಿದಳು.
ಬಟ್ಟಲು ತೊಳೆದಳು.
ನಾಳೆ ಭಾನುವಾರ: ಬಿಳಿ, ಹಳದಿ, ಅರ್ಧ ಗುಲಾಬಿ.